ಟೈಗರ್‌ನ ಮೂಗಿನ ರಕ್ತ, ಗೋಡೆಯ ಬಿರುಕು

ಪ್ರಶ್ನೆ: ಸಾಹೇಬ್ರೆ, ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ಹಳೇ ಮಣ್ಣಿನ ಮಾಳಿಗಿ ಮನಿ, ಅದಕ್ಕ ಹೊಂದಿಸಿ ಎರಡು ಖೋಲಿ ಹೊಸದಾಗಿ ಕಟ್ಟೀವಿ. ಮನ್ಯಾಗ ಮೂರು ವರ್ಷದ ಲ್ಯಾಬ್ರಡಾರ್ ನಾಯಿ ಟೈಗರ್, ಒಂದು ಬೆಕ್ಕು ಚಿನ್ನಿ. ಏಪ್ರಿಲ್ ತಿಂಗಳದಾಗ ಟೈಗರ್ ರೊಟ್ಟಿ-ಹಾಲು ಮುಟ್ಟದ ಮೂಲ್ಯಾಗ ಬಿದ್ದುಕೊಂಡ. ಒಂದಿನ ಮೂಗಿನಾಗ ರಕ್ತ ಬಂತು. ಬಿಸಿಲಿಗೆ ಉಷ್ಣ ಆಗೇತಿ ಅಂತ ಮಜ್ಜಿಗಿ, ಕಾಮಕಸ್ತೂರಿ ಬೀಜದ ನೀರು ಕುಡಿಸಿದ್ವಿ. ನಾಲ್ಕು ದಿನ ಬಿಟ್ಟು ಡಾಕ್ಟರ್ ಹತ್ರ ಒಯ್ದ್ರ ‘ಉಣ್ಣಿ ಜ್ವರ’ ಅಂದು ಗುಳಿಗಿ ಬರಕೊಟ್ರು. ಹಾಲಿನಾಗ ಅರೆದು ಕೊಟ್ವಿ, ಮೂರನೇ ದಿನಕ್ಕ ಎದ್ದು ಓಡಾಡಿದ. ಆರಾಮ ಆತಲ್ಲ ಅಂತ ಆರನೇ ದಿನಕ್ಕ ನಿಲ್ಲಿಸಿದ್ವಿ. ಈಗ ಒಂದೂವರೆ ತಿಂಗಳಿಗೆ ಮತ್ತ ಅದೇ ಕಥಿ, ನಿನ್ನೆ ಮತ್ತ ರಕ್ತ ಬಂತು. ನಡುವ ಉಣ್ಣಿ ಹೋಗ್ಲಿ ಅಂತ ದನಕ್ಕ ಹಚ್ಚೋ ಔಷಧ ಟೈಗರ್‌ಗೆ ಹಚ್ಚಿದ್ವಿ. ಅವತ್ತು ರಾತ್ರಿ ಚಿನ್ನಿ ಜೊಲ್ಲು ಸುರಿಸಿ, ಕಿವಿ ಪಟಪಟ ಬಡಕೊಂಡು ನಡುಗಿತು. ಹೆಂಗೋ ಉಳೀತು. ನಮ್ಮವ್ವ ‘ಇದು ಮಂಗನ ಜ್ವರದ್ದ ಜಾತಿ, ಮಕ್ಕಳಿಗೆ ಅಂಟತೈತಿ, ಕಾಲುವಿ ಆಚಿ ಬಿಟ್ಟು ಬಾ’ ಅಂತಾಳ. ಮಕ್ಕಳು ಅಳಾಕತ್ತಾವ. ಪಪ್ಪಾಯಿ ಎಲಿ ರಸ ಕುಡಿಸಿದ್ರ ರಕ್ತ ಏರತೈತಂತ, ಕುಡಿಸ್ಲೇನು? ನಾಯಿ ಉಳೀತೈತೇನು?

ಉತ್ತರ: ಮೊದಲು ಅವಸರದ ಮಾತು. ಈ ಉತ್ತರವನ್ನು ಪೂರ್ತಿ ಓದುವ ಮುಂಚೆ ಎದ್ದು ಹೋಗಿ ಟೈಗರ್‌ನ ತುಟಿ ಎತ್ತಿ ವಸಡು ನೋಡಿ. ಲ್ಯಾಬ್ರಡಾರ್‌ಗಳಲ್ಲಿ ಕೆಲವಕ್ಕೆ ವಸಡೇ ಕಪ್ಪಗಿರುತ್ತದೆ. ಹಾಗಿದ್ದರೆ ಕೆಳಗಿನ ಕಣ್ಣುರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಭಾಗ ನೋಡಿ. ಗುಲಾಬಿ ಬಣ್ಣ ಇದ್ದರೆ ನಾಳೆ ಬೆಳಿಗ್ಗೆ ಆಸ್ಪತ್ರೆ ತೆರೆಯುವವರೆಗೆ ಕಾಯಬಹುದು. ಸುಣ್ಣದ ಹಾಗೆ ಬಿಳಿಚಿದ್ದರೆ, ವಸಡಿನ ಮೇಲೋ ಹೊಟ್ಟೆಯ ತೆಳು ಚರ್ಮದ ಮೇಲೋ ಸೂಜಿ ಚುಚ್ಚಿದಂಥ ಕೆಂಪು ಚುಕ್ಕಿಗಳಿದ್ದರೆ, ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದ್ದರೆ ಇವತ್ತೇ ಹೊರಡಿ. ದಾರಿಯಲ್ಲಿ ಮೂಗಿನಿಂದ ರಕ್ತ ಬಂದರೆ ತಣ್ಣೀರಿನ ಬಟ್ಟೆಯನ್ನು ಮೂಗಿನ ಮೇಲ್ಭಾಗಕ್ಕೆ ಇಟ್ಟುಕೊಳ್ಳಿ. ಹತ್ತಿ ತುರುಕಬೇಡಿ, ತಲೆ ಮೇಲಕ್ಕೆತ್ತಬೇಡಿ, ಕಚ್ಚೀತೆಂದು ಬಾಯಿಗೆ ಹಗ್ಗ ಕಟ್ಟಲೇಬೇಡಿ. ಮೂಗು ಕಟ್ಟಿದ ನಾಯಿಗೆ ಉಸಿರಾಡಲು ಉಳಿದಿರುವುದು ಬಾಯಿಯೊಂದೇ.

ಇನ್ನು ಉಷ್ಣದ ವಿಷಯ. ಮೇ ತಿಂಗಳಲ್ಲಿ ನಮ್ಮ ರಾಯಚೂರು ಸೀಮೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲಿಗೆ ಮಕ್ಕಳಿಗೆ ಮೂಗಿನಿಂದ ರಕ್ತ ಬರುವುದನ್ನು ಎಲ್ಲರೂ ನೋಡಿದ್ದೇವೆ. ಒಣಗಾಳಿಗೆ ಮೂಗಿನ ಒಳಪೊರೆ ಬಿರಿದು ಬರುವ ರಕ್ತ ಅದು. ಅದೇ ಲೆಕ್ಕವನ್ನು ನಾಯಿಗೂ ಹಚ್ಚುತ್ತೇವೆ. ನಾನೂ ಹಚ್ಚಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾನ್ವಿ ಕಡೆಯ ರೈತರೊಬ್ಬರು ಮೂಗಿನಿಂದ ರಕ್ತ ಸುರಿಸುತ್ತಿದ್ದ ನಾಯಿಯನ್ನು ತಂದಾಗ ಗ್ಲುಕೋಸ್ ಏರಿಸಿ, ನೆರಳಲ್ಲಿ ಕಟ್ಟಿ ಎಂದು ಹೇಳಿ ಕಳಿಸಿದೆ. ಹತ್ತು ದಿನಕ್ಕೆ ಅದು ಸತ್ತಿತು. ಕಿವಿಯೊಳಗೆ ಉಣ್ಣಿ ಗೊಂಚಲುಗಟ್ಟಿದ್ದನ್ನು ನೋಡಿಯೂ ನಾನು ಎರಡನ್ನೂ ಜೋಡಿಸಿ ಯೋಚಿಸಿರಲಿಲ್ಲ. ಬಿಸಿಲಿನ ಹೊಡೆತಕ್ಕೆ ಸಿಕ್ಕ ನಾಯಿ ಹೇಗಿರುತ್ತದೆ ಎಂಬುದು ಬೇರೆಯೇ ಚಿತ್ರ: ಕೆಲವೇ ತಾಸುಗಳಲ್ಲಿ ಜೋರು ಏದುಸಿರು, ಇಟ್ಟಿಗೆ ಕೆಂಪಿನ ವಸಡು, ತೂರಾಟ, ಮೈ ಬಿಸಿ 105 ಡಿಗ್ರಿ ಫ್ಯಾರನ್‌ಹೀಟ್ ದಾಟಿರುತ್ತದೆ. ಅದು ವಿಪರೀತಕ್ಕೆ ಹೋದರೆ ರಕ್ತಸ್ರಾವವೂ ಆಗುತ್ತದೆ ನಿಜ, ಆದರೆ ಆ ಹೊತ್ತಿಗೆ ನಾಯಿ ಎದ್ದು ನಿಂತಿರುವುದಿಲ್ಲ. ದಿನಗಟ್ಟಲೆ ಊಟ ಬಿಟ್ಟು, ಮೂಲೆ ಹಿಡಿದು, ಆಮೇಲೆ ಮೂಗಿನಿಂದ ರಕ್ತ ಬಂದರೆ ಬಿಸಿಲನ್ನು ಬಿಟ್ಟು ಉಣ್ಣಿಯ ಕಡೆ ನೋಡಬೇಕು. ಬೇಸಿಗೆಯಲ್ಲಿ ಉಣ್ಣಿಯೂ ಬೇಗ ಬೇಗ ಮರಿ ಮಾಡುತ್ತದೆ. ಬಿಸಿಲೂ ಜ್ವರವೂ ಒಟ್ಟಿಗೇ ಬರುವುದರಿಂದ ಈ ತಪ್ಪು ಲೆಕ್ಕ ಊರಲ್ಲಿ ಉಳಿದುಕೊಂಡಿದೆ.

ನೀವು ಕೇಳಿಲ್ಲ, ಆದರೂ ಒಂದು ಮಾತು. ನೆಲ್ಲಿನ ಮನೆಗಳಲ್ಲಿ ಇಲಿ ಪಾಷಾಣ ಇದ್ದೇ ಇರುತ್ತದೆ. ಇಲಿ ಕೇಕನ್ನೋ ಅದನ್ನು ತಿಂದು ಸತ್ತ ಇಲಿಯನ್ನೋ ನಾಯಿ ತಿಂದಿದ್ದರೂ ಹೀಗೇ ಮೂಗಿನಿಂದ ರಕ್ತ ಬರಬಹುದು. ಅದರ ಚಿಕಿತ್ಸೆ ವಿಟಮಿನ್ ಕೆ, ಉಣ್ಣಿ ಜ್ವರದ ಗುಳಿಗೆಯಿಂದ ಅದು ವಾಸಿಯಾಗದು. ಅನುಮಾನ ಇದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಉಣ್ಣಿ ಜ್ವರ ಎಂದು ನಾವು ಒಂದೇ ಹೆಸರಲ್ಲಿ ಕರೆಯುವುದು ನಿಜಕ್ಕೂ ಒಂದು ಗುಂಪು. ಅದರಲ್ಲಿ ಹೆಚ್ಚಾಗಿ ಸಿಗುವುದು ಎರ್ಲಿಕಿಯಾ ಕ್ಯಾನಿಸ್ ಎಂಬ ಬ್ಯಾಕ್ಟೀರಿಯಾ. 1935ರಲ್ಲಿ ಅಲ್ಜೀರಿಯಾದ ನಾಯಿಗಳಲ್ಲಿ ಇದನ್ನು ಮೊದಲು ಗುರುತಿಸಿದರು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಈ ರೋಗಕ್ಕೆ ನೂರಾರು ನಾಯಿಗಳನ್ನು ಕಳೆದುಕೊಂಡಿತು, ಹೆಚ್ಚಿನವು ಜರ್ಮನ್ ಶೆಫರ್ಡ್. ಅವುಗಳಲ್ಲೂ ಎದ್ದು ಕಂಡ ಲಕ್ಷಣ ಮೂಗಿನ ರಕ್ತವೇ. ಉಣ್ಣಿ ಕಚ್ಚಿ ಒಂದರಿಂದ ಮೂರು ವಾರದಲ್ಲಿ ಜ್ವರ ಬರುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕುಸಿಯುತ್ತವೆ. ಆಮೇಲೆ ಒಂದು ಮೋಸದ ಘಟ್ಟ: ಔಷಧವಿಲ್ಲದೆಯೂ ನಾಯಿ ತಾನೇ ಚೇತರಿಸಿಕೊಂಡಂತೆ ಕಾಣುತ್ತದೆ. ತಿನ್ನುತ್ತದೆ, ಬೊಗಳುತ್ತದೆ. ರೋಗಾಣು ಮಾತ್ರ ಒಳಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಡಗಿ ಕೂತಿರುತ್ತದೆ. ಕೆಲವು ನಾಯಿಗಳಲ್ಲಿ ಅದು ಕೊನೆಗೆ ಎಲುಬಿನ ಮಜ್ಜೆಯನ್ನೇ ಒಣಗಿಸುತ್ತದೆ. ಆ ಹಂತಕ್ಕೆ ಹೋದ ನಾಯಿಯನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ. ಟೈಗರ್ ಅಲ್ಲಿಗೆ ಹೋಗಿರಲಿಕ್ಕಿಲ್ಲ ಎಂದೇ ನನ್ನ ಅಂದಾಜು. ಮೊದಲ ಸಲ ಮೂರೇ ದಿನದಲ್ಲಿ ಎದ್ದದ್ದು ಒಳ್ಳೆಯ ಗುರುತು.

ಮತ್ತೆ ಯಾಕೆ ಬಂತು? ನಿಮ್ಮ ಪತ್ರದಲ್ಲೇ ಎರಡು ಕಾರಣ ಇವೆ.

ಆರನೇ ದಿನಕ್ಕೆ ಗುಳಿಗೆ ನಿಲ್ಲಿಸಿದಿರಿ. ಬರೆದುಕೊಟ್ಟದ್ದು ಡಾಕ್ಸಿಸೈಕ್ಲಿನ್ ಎಂದುಕೊಳ್ಳುತ್ತೇನೆ. ಅದು ಒಂದೆರಡು ದಿನದಲ್ಲೇ ಜ್ವರ ಇಳಿಸಿ ನಾಯಿಯನ್ನು ಎಬ್ಬಿಸಿ ನಿಲ್ಲಿಸುತ್ತದೆ, ಜನ ಮೋಸಹೋಗುವುದೂ ಅಲ್ಲೇ. ಕೋರ್ಸ್ 28 ದಿನದ್ದು. ಸಾಮಾನ್ಯ ಪ್ರಮಾಣ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 10 ಮಿಲಿಗ್ರಾಂ, ಅಂದರೆ 30 ಕೆ.ಜಿ. ನಾಯಿಗೆ 300 ಮಿಲಿಗ್ರಾಂ. ಇದನ್ನು ನೀವೇ ಅಂಗಡಿಯಲ್ಲಿ ಕೊಂಡು ಕೊಡಲಿ ಎಂದು ಬರೆದಿಲ್ಲ; ಚೀಟಿಯಲ್ಲಿ ಎಷ್ಟು ಬರೆದಿದೆ, ನೀವು ಎಷ್ಟು ಕೊಟ್ಟಿರಿ ಎಂದು ತಾಳೆ ನೋಡಿಕೊಳ್ಳಲಿ ಎಂದು. ಎಷ್ಟೋ ಸಲ ತೂಕವನ್ನು ಕಣ್ಣಂದಾಜಿನಲ್ಲಿ ಹಾಕಿ ಅರ್ಧ ಪ್ರಮಾಣ ಕೊಟ್ಟಿರುತ್ತಾರೆ. ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು ಕಳೆದರೆ ಸರಿಯಾದ ತೂಕ ಸಿಗುತ್ತದೆ.

ಎರಡನೆಯದು ಹಾಲು. ನಮ್ಮಲ್ಲಿ ನಾಯಿಗೆ ಗುಳಿಗೆ ಎಂದರೆ ಹಾಲಿನಲ್ಲಿ ಅರೆದು ಕುಡಿಸುವುದೇ ರೂಢಿ. ಬೇರೆ ಬಹಳ ಗುಳಿಗೆಗಳಿಗೆ ಅದು ನಡೆಯುತ್ತದೆ, ಇದಕ್ಕೆ ನಡೆಯದು. ಹಾಲಿನ ಕ್ಯಾಲ್ಸಿಯಂ ಈ ಔಷಧವನ್ನು ಹಿಡಿದುಕೊಂಡು ಒಂದಷ್ಟು ಭಾಗ ರಕ್ತಕ್ಕೆ ಸೇರದಂತೆ ಮಾಡುತ್ತದೆ. ಮಜ್ಜಿಗೆ, ಮೊಸರು, ಕಬ್ಬಿಣಾಂಶದ ಟಾನಿಕ್ ಕೂಡ ಹಾಗೇ. ಇವನ್ನು ಕೊಡುವುದಿದ್ದರೆ ಗುಳಿಗೆಗೂ ಇವಕ್ಕೂ ಮೂರು ತಾಸಾದರೂ ಅಂತರ ಇರಲಿ. ಬರಿಹೊಟ್ಟೆಯಲ್ಲಿ ಕೊಟ್ಟರೆ ವಾಂತಿ ಮಾಡುತ್ತದೆ. ಬೇಯಿಸಿದ ಕೋಳಿ ತುಂಡಿನಲ್ಲೋ, ನೀರಿನಲ್ಲಿ ನೆನೆಸಿದ ರೊಟ್ಟಿಯ ಉಂಡೆಯಲ್ಲೋ ಗುಳಿಗೆ ಹುದುಗಿಸಿ ಕೊಡಿ, ಮೇಲೆ ಸ್ವಲ್ಪ ನೀರು ಕುಡಿಸಿ. ರೊಟ್ಟಿಯ ಜೊತೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ. ಅವೆರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ರಕ್ತ ಕಡಿಮೆಯಾದ ನಾಯಿಗೆ ಉಣ್ಣಿ ಓಡಲಿ ಎಂದು ಬೆಳ್ಳುಳ್ಳಿ ತಿನ್ನಿಸುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ, ಆದರೆ ಪಾಪ, ಯಾರೋ ಹೇಳಿರುತ್ತಾರೆ.

ಮೂರನೆಯ ಕಾರಣ ಇದೆಯೋ ಇಲ್ಲವೋ ಪರೀಕ್ಷೆಯೇ ಹೇಳಬೇಕು. ಇದೇ ಉಣ್ಣಿ ಬೆಬೀಸಿಯಾ ಎಂಬ ಇನ್ನೊಂದು ಜೀವಿಯನ್ನೂ ತರುತ್ತದೆ. ಅದು ಕೆಂಪು ರಕ್ತಕಣದ ಒಳಗೇ ಕೂತು ಅದನ್ನು ಒಡೆಯುತ್ತದೆ. ಚಹಾ ಬಣ್ಣದ ಮೂತ್ರ ಎಂದು ಮೇಲೆ ಬರೆದದ್ದು ಅದಕ್ಕೇ. ಬರೀ ಡಾಕ್ಸಿಸೈಕ್ಲಿನ್‌ಗೆ ಅದು ಬಗ್ಗುವುದಿಲ್ಲ. ಯಾವ ಜಾತಿಯ ಬೆಬೀಸಿಯಾ ಎಂಬುದರ ಮೇಲೆ ಔಷಧವೂ ಬೇರೆ. ಇಲ್ಲಿ ಒಂದು ಎಚ್ಚರಿಕೆ: ಹಳ್ಳಿಗಳಲ್ಲಿ ದನಕ್ಕೆ ಸೂಜಿ ಹಾಕುವವರು ಬೆಬೀಸಿಯಾ ಕೊಲ್ಲುವ ಡೈಮಿನಜೀನ್ ಇಂಜೆಕ್ಷನ್ನನ್ನು ನಾಯಿಗೂ ಹಾಕಿಬಿಡುತ್ತಾರೆ. ನಾಯಿಯಲ್ಲಿ ಅದರ ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಬಹಳ ಕಿರಿದು. ಹೆಚ್ಚಾದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ನಾಯಿ ಕುತ್ತಿಗೆ ತಿರುಚಿಕೊಂಡು ಬೀಳುತ್ತದೆ. ತೂಕ ನೋಡಿ ಲೆಕ್ಕ ಹಾಕದವರ ಕೈಯಲ್ಲಿ ಆ ಸೂಜಿ ಬೇಡ.

ಹಾಗಾಗಿ ಈ ಸಲ ರಕ್ತ ಪರೀಕ್ಷೆ ಆಗಲೇಬೇಕು. ಕಿವಿಯ ತುದಿಯಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಅಗ್ಗ, ಹತ್ತಿರದಲ್ಲೇ ಆಗುತ್ತದೆ. ಬೆಬೀಸಿಯಾ ಸಿಕ್ಕರೆ ಸಿಕ್ಕಿತು, ಸಿಗದಿದ್ದರೆ ಇಲ್ಲವೇ ಇಲ್ಲ ಎಂದು ಹೇಳಲಾಗದು. ಕಾರ್ಡಿನಂಥ ಕಿಟ್ ಪರೀಕ್ಷೆ ನೋಡುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯವನ್ನು. ಟೈಗರ್‌ಗೆ ಒಮ್ಮೆ ರೋಗ ಬಂದುಹೋಗಿರುವುದರಿಂದ, ಪೂರ್ತಿ ವಾಸಿಯಾದ ಮೇಲೂ ಆ ಕಿಟ್ ತಿಂಗಳುಗಟ್ಟಲೆ ‘ಇದೆ’ ಎಂದೇ ತೋರಿಸೀತು. ಅದನ್ನು ನೋಡಿ ಗಾಬರಿಯಾಗಿ ಮತ್ತೆ ಮತ್ತೆ ಔಷಧ ಹಾಕಿಸಬೇಡಿ. ರೋಗಾಣುವಿನ ಗುರುತನ್ನೇ ಹಿಡಿಯುವ ಪಿಸಿಆರ್ ಪರೀಕ್ಷೆಗೆ ಮಾದರಿಯನ್ನು ಹೈದರಾಬಾದ್‌ಗೋ ಬೆಂಗಳೂರಿಗೋ ಕಳಿಸಬೇಕಾಗುತ್ತದೆ, ಖರ್ಚೂ ಹೆಚ್ಚು. ಡಾಕ್ಟರ್ ಬೇಕು ಅಂದರೆ ಮಾಡಿಸಿ. ರಕ್ತಕಣಗಳ ಎಣಿಕೆಯಂತೂ ಬೇಕೇ ಬೇಕು. ಮನುಷ್ಯರ ಲ್ಯಾಬಿನ ಯಂತ್ರ ಮನುಷ್ಯರ ರಕ್ತಕಣದ ಗಾತ್ರಕ್ಕೆ ಹೊಂದಿಸಿದ್ದು, ನಾಯಿಯ ರಕ್ತಕ್ಕೆ ತಪ್ಪು ಸಂಖ್ಯೆ ಕೊಡುವುದುಂಟು. ಬೇರೆ ಗತಿ ಇಲ್ಲದೆ ಅಲ್ಲೇ ಮಾಡಿಸಿದರೆ ಸ್ಲೈಡ್ ಕೂಡ ಒಂದು ಮಾಡಿಸಿ ಡಾಕ್ಟರ್ ಕಣ್ಣಿಗೆ ಬೀಳುವಂತೆ ಮಾಡಿ.

ಪಪ್ಪಾಯಿ ಎಲೆ ರಸ. ಡೆಂಗಿ ಬಂದಾಗಿನಿಂದ ಇದು ನಾಯಿಗಳಿಗೂ ಇಳಿದಿದೆ. ಟೈಗರ್‌ನ ಪ್ಲೇಟ್‌ಲೆಟ್ ಕಡಿಮೆಯಾಗಿರುವುದು ರೋಗಾಣುವಿನಿಂದ. ಎಲೆರಸ ಆ ರೋಗಾಣುವನ್ನು ಕೊಲ್ಲುವುದಿಲ್ಲ. ರೋಗಾಣು ಹೋದರೆ ಕಣಗಳು ತಾವೇ ಏರುತ್ತವೆ, ಸಾಮಾನ್ಯವಾಗಿ ಒಂದೆರಡು ವಾರದೊಳಗೆ. ಮೊದಲೇ ಊಟ ಬಿಟ್ಟ ನಾಯಿಗೆ ಆ ಕಹಿಯನ್ನು ಬಾಯಿ ಒತ್ತಿ ಹಿಡಿದು ಕುಡಿಸಿದರೆ ವಾಂತಿ ಮಾಡಿಕೊಂಡು ಗುಳಿಗೆಯನ್ನೂ ಕಕ್ಕುತ್ತದೆ. ಕುಡಿಸಬೇಡಿ. ಅದಕ್ಕಿಂತ ಮುಖ್ಯ, ಜ್ವರ ಇದೆ ಎಂದು ಮನೆಯಲ್ಲಿರುವ ಮನುಷ್ಯರ ಗುಳಿಗೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಇವೆಲ್ಲ ಹೊಟ್ಟೆಯಲ್ಲಿ ರಕ್ತ ಸುರಿಸುತ್ತವೆ. ಚಿನ್ನಿಗಂತೂ ಪ್ಯಾರಾಸಿಟಮಾಲ್ ಎಂದೆಂದಿಗೂ ಇಲ್ಲ, ಅರ್ಧ ಗುಳಿಗೆ ಸಾಕು ಬೆಕ್ಕಿನ ಪ್ರಾಣಕ್ಕೆ.

ಚಿನ್ನಿಯ ಮಾತು ಬಂದದ್ದಕ್ಕೆ ಅದನ್ನೇ ಹೇಳುತ್ತೇನೆ. ಅವತ್ತು ರಾತ್ರಿ ಅದು ಪಟ್ಟದ್ದು ವಿಷಬಾಧೆ. ದನಕ್ಕೆ ಹಚ್ಚುವ ಉಣ್ಣಿ ಔಷಧಗಳಲ್ಲಿ ಹೆಚ್ಚಿನವು ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಇಲ್ಲವೇ ಅಮಿಟ್ರಾಜ್. ‘-ಥ್ರಿನ್’ ಎಂದು ಮುಗಿಯುವ ಔಷಧಗಳನ್ನು ಅರಗಿಸಿ ಹೊರಹಾಕುವ ಶಕ್ತಿ ನಾಯಿಯ ಯಕೃತ್ತಿಗೆ ಇದೆ, ಬೆಕ್ಕಿನದಕ್ಕೆ ಬಹಳ ಕಡಿಮೆ. ಅದನ್ನು ಚಿನ್ನಿಗೆ ನೀವು ಹಚ್ಚಬೇಕೆಂದೇ ಇಲ್ಲ. ಟೈಗರ್‌ನ ಹೊಟ್ಟೆಗೆ ಒರಗಿ ಮಲಗಿತು, ಆಮೇಲೆ ತನ್ನ ಮೈ ನೆಕ್ಕಿಕೊಂಡಿತು, ಅಷ್ಟು ಸಾಕು. ಇನ್ನೊಮ್ಮೆ ಹಾಗಾದರೆ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಮೈ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಸೀದಾ ಆಸ್ಪತ್ರೆಗೆ. ಬಿಸಿನೀರು ಬೇಡ, ಚರ್ಮ ಇನ್ನಷ್ಟು ಔಷಧ ಹೀರುತ್ತದೆ. ಹಾಲು ಕುಡಿಸಿದರೆ ವಿಷ ಇಳಿಯುತ್ತದೆ ಎಂಬುದೂ ಸುಳ್ಳು. ನಡುಗುತ್ತಿರುವ ಬೆಕ್ಕಿಗೆ ಕುಡಿಸಿದ ಹಾಲು ಶ್ವಾಸಕೋಶಕ್ಕೆ ಇಳಿದೀತು. ಹೊಲಕ್ಕೆ ಹೊಡೆದು ಉಳಿದ ಎಣ್ಣಿಯನ್ನು (ಕೀಟನಾಶಕವನ್ನು) ಮನೆಯೊಳಗೆ ಸಿಂಪಡಿಸುವವರೂ ಇದ್ದಾರೆ. ಅದರಿಂದ ನಾಯಿ, ಬೆಕ್ಕಿನ ಜೊತೆಗೆ ಮಕ್ಕಳಿಗೂ ಅಪಾಯ.

ಈಗ ಮನೆಗೆ ಬರೋಣ. ಇದನ್ನು ಸರಿಮಾಡದಿದ್ದರೆ ಎಷ್ಟು ಗುಳಿಗೆ ಕೊಟ್ಟರೂ ಮತ್ತೆ ಇದೇ ಪತ್ರ ಬರೆಯುತ್ತೀರಿ, ಏಕೆಂದರೆ ಒಮ್ಮೆ ಬಂದ ಈ ಜ್ವರ ಮತ್ತೆ ಬರದಂತೆ ತಡೆಯುವ ಶಕ್ತಿಯನ್ನು ನಾಯಿಗೆ ಕೊಟ್ಟು ಹೋಗುವುದಿಲ್ಲ.

ನಾಯಿಯ ಕಂದು ಉಣ್ಣಿ ಅಡವಿ, ಹುಲ್ಲುಗಾವಲಿನದಲ್ಲ, ಮನೆಯ ಒಳಗೇ ಸಂಸಾರ ಹೂಡುವ ಪ್ರಾಣಿ. ರಕ್ತ ಕುಡಿದು ಹುರುಳಿಕಾಳಿನಿಂದ ಅವರೆಕಾಳಿನಷ್ಟು ಉಬ್ಬಿದ ಹೆಣ್ಣು ನಾಯಿಯಿಂದ ಉದುರಿ ಗೋಡೆ ಹತ್ತುತ್ತದೆ. ನೆಲದಿಂದ ಮೇಲಕ್ಕೆ ಹತ್ತುವುದು ಇದರ ಗುಣ. ಬಿರುಕು ಸಿಕ್ಕಲ್ಲಿ ಹೊಕ್ಕು ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಮೊಟ್ಟೆಯಿಂದ ಹೊರಬಂದದ್ದು ದೊಡ್ಡದಾಗುವ ಮುಂಚೆ ಎರಡು ಸಲ ನಾಯಿಯ ರಕ್ತ ಕುಡಿಯಬೇಕು, ಪ್ರತಿ ಸಲವೂ ಇಳಿದು ಹೋಗಿ ಬಿರುಕಿನಲ್ಲಿ ಪೊರೆ ಕಳಚಿ ಮತ್ತೆ ಹತ್ತಬೇಕು. ನಮ್ಮ ಸೆಕೆಗೆ ಇಡೀ ಸುತ್ತು ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ. ರಕ್ತ ಸಿಗದಿದ್ದರೂ ದೊಡ್ಡ ಉಣ್ಣಿ ತಿಂಗಳುಗಟ್ಟಲೆ ಉಪವಾಸ ಕೂರಬಲ್ಲದು. ಅಂದರೆ ಯಾವ ದಿನ ನೋಡಿದರೂ ಟೈಗರ್ ಮೈಮೇಲೆ ಕಾಣುವುದು ಮನೆಯಲ್ಲಿರುವ ಉಣ್ಣಿಗಳ ಒಂದು ಸಣ್ಣ ಪಾಲು. ಉಳಿದವು ನಿಮ್ಮ ಹಳೇ ಮಾಳಿಗೆಯ ಮಣ್ಣಿನ ಗೋಡೆಯಲ್ಲಿ, ಜಂತಿಯ ಸಂದಿಯಲ್ಲಿ, ಪರ್ಸಿ ಕಲ್ಲುಗಳ ನಡುವಿನ ಗೆರೆಯಲ್ಲಿ, ಬಾಗಿಲ ಚೌಕಟ್ಟಿನ ಹಿಂದೆ ಇವೆ. ರಾತ್ರಿ ಟಾರ್ಚ್ ಹಿಡಿದು ಟೈಗರ್ ಮಲಗುವ ಮೂಲೆಯ ಗೋಡೆಯನ್ನು ಸೊಂಟದ ಎತ್ತರದಿಂದ ಸೂರಿನವರೆಗೆ ನೋಡಿ, ನಾನು ಹೇಳಿದ್ದು ನಂಬಿಕೆಯಾಗುತ್ತದೆ.

ಕೆಲಸ ಅಲ್ಲಿಂದ ಶುರು. ಆ ಖೋಲಿಯ ಬಿರುಕುಗಳಿಗೆ ಸಿಮೆಂಟೋ ಸುಣ್ಣ-ಮಣ್ಣೋ ಮೆತ್ತಿಸಿ. ಮಣ್ಣಿನ ಗೋಡೆ ಪೂರ್ತಿ ಮುಚ್ಚಲಾಗದಿದ್ದರೆ ಟೈಗರ್ ಮಲಗುವ ಜಾಗವನ್ನೇ ಹೊಸ ಖೋಲಿಗೆ ಬದಲಿಸಿ. ಇದು ದುಡ್ಡಿಲ್ಲದ, ಆದರೆ ಬಹಳ ಫಲ ಕೊಡುವ ಉಪಾಯ. ಗೋಣಿಚೀಲದ ಹಾಸಿಗೆ ಸುಟ್ಟುಬಿಡಿ, ತೊಳೆಯಲು ಬರುವ ಬಟ್ಟೆ ಹಾಕಿ, ವಾರಕ್ಕೊಮ್ಮೆ ಕುದಿನೀರಿಗೆ ಹಾಕಿ ಬಿಸಿಲಿಗೆ ಒಣಗಿಸಿ. ಬಿರುಕಿಗೆ ಔಷಧ ಹೊಡೆಸುವುದಿದ್ದರೆ ಮನೆಯೊಳಗೆ ಬಳಸಲೆಂದೇ ಇರುವುದನ್ನು, ಚಿನ್ನಿ, ಟೈಗರ್, ಮಕ್ಕಳು, ಪಾತ್ರೆ ಪಗಡಿ ಎಲ್ಲವನ್ನೂ ಹೊರಗೆ ಹಾಕಿ ಹೊಡೆಸಿ. ಪೂರ್ತಿ ಒಣಗಿ ಗಾಳಿಯಾಡಿದ ಮೇಲೆಯೇ ಒಳಗೆ. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಆಗಬೇಕು. ಮೊಟ್ಟೆಗೆ ಔಷಧ ತಾಗುವುದಿಲ್ಲ.

ಟೈಗರ್ ಮೈಗೆ ಏನು? ಚಿನ್ನಿ ಇರುವ ಮನೆಗೆ ನಾನು ಮೊದಲು ಹೇಳುವುದು ತಿನ್ನಿಸುವ ಗುಳಿಗೆ. ಫ್ಲೂರಲಾನರ್ ಎಂಬುದು ಸುಮಾರು 12 ವಾರ, ಅಫಾಕ್ಸೊಲಾನರ್ ಒಂದು ತಿಂಗಳು ಕೆಲಸ ಮಾಡುತ್ತದೆ. ಮೈಮೇಲೆ ಏನೂ ಹಚ್ಚದ ಕಾರಣ ಬೆಕ್ಕಿಗೆ ತಾಗುವ ಮಾತಿಲ್ಲ. ತೊಡಕು ಮೂರು: ಬೆಲೆ ಕಡಿಮೆಯಲ್ಲ, ಹಿಂದೆ ಫಿಟ್ಸ್ ಬಂದ ನಾಯಿಗೆ ಇವು ಆಗಿಬರುವುದಿಲ್ಲ, ಉಣ್ಣಿ ಕಚ್ಚಿದ ಮೇಲೆಯೇ ಸಾಯುತ್ತದೆ, ರೋಗಾಣುವಾದರೋ ಕಚ್ಚಿದ ಕೆಲವೇ ತಾಸುಗಳಲ್ಲಿ ದಾಟಬಲ್ಲದು. ಆದರೂ ಮನೆಯ ಉಣ್ಣಿಗಳೆಲ್ಲ ಒಂದೊಂದಾಗಿ ಬಂದು ಟೈಗರ್‌ನನ್ನು ಕಚ್ಚಿ ಮೊಟ್ಟೆಯಿಡದೆ ಸಾಯುತ್ತವಲ್ಲ, ಕೆಲವು ತಿಂಗಳಲ್ಲಿ ಮನೆ ಖಾಲಿಯಾಗುತ್ತದೆ. ಫಿಪ್ರೊನಿಲ್ ಸ್ಪ್ರೇ ಅಗ್ಗ, ಆದರೆ ಪದೇ ಪದೇ ಮೈ ತೊಳೆದರೆ ಶಕ್ತಿ ಕುಂದುತ್ತದೆ. ಚಿನ್ನಿಗೆ ಬೇಕಾದರೆ ‘ಬೆಕ್ಕಿಗೆ’ ಎಂದೇ ಮುದ್ರಿಸಿದ ಹನಿ ಔಷಧ ಮಾತ್ರ. ಕೈಯಿಂದ ಉಣ್ಣಿ ತೆಗೆಯುವಾಗ ಸೀಮೆಎಣ್ಣೆ ಸುರಿಯುವುದು, ಊದುಬತ್ತಿ ತಾಗಿಸುವುದು ಬೇಡ. ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆದು ಸೋಪು ನೀರಿಗೆ ಹಾಕಿ. ಉಗುರಲ್ಲಿ ಹಿಸುಕುವ ಚಟ ಮಕ್ಕಳಿಗೆ ಬಿಡಿಸಿ.

ಹಿಸುಕಬಾರದು ಎಂದದ್ದೇಕೆ ಎಂದರೆ, ಇಲ್ಲೇ ನಿಮ್ಮ ಅವ್ವನ ಭಯದಲ್ಲಿ ಎಷ್ಟು ನಿಜ ಎಂಬುದೂ ಇದೆ. ಮಂಗನ ಕಾಯಿಲೆ ಇದಲ್ಲ. ಅದು ವೈರಸ್‌ನಿಂದ ಬರುವುದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡದ್ದು, ಮಲೆನಾಡ ಕಾಡಿನ ಬೇರೆ ಜಾತಿಯ ಉಣ್ಣಿ ಹರಡುವಂಥದ್ದು. ಟೈಗರ್‌ನ ಜ್ವರ ಟೈಗರ್‌ನನ್ನು ಮುಟ್ಟಿದರೆ, ತಬ್ಬಿಕೊಂಡರೆ, ಅವನ ಜೊಲ್ಲು ತಾಗಿದರೆ ಮಕ್ಕಳಿಗೆ ಬರುವುದಿಲ್ಲ. ಆದರೆ ಇದೇ ಕಂದು ಉಣ್ಣಿ ಮನುಷ್ಯರನ್ನು ಕಚ್ಚುವುದುಂಟು, ಕಚ್ಚಿದಾಗ ಉಣ್ಣಿ ಟೈಫಸ್ ಎಂಬ ಬೇರೆ ಜ್ವರ ತರುವುದೂ ಉಂಟು. ಮಕ್ಕಳಿಗೆ ಜ್ವರ, ಮೈಮೇಲೆ ಗಂಧೆ ಕಂಡರೆ ಮನೆಯಲ್ಲಿ ಉಣ್ಣಿ ಇದೆ ಎಂದು ಅವರ ಡಾಕ್ಟರಿಗೆ ತಪ್ಪದೆ ಹೇಳಿ.

ಇನ್ನು ಕಾಲುವೆ ಆಚೆ ಬಿಟ್ಟು ಬರುವ ಮಾತು. ಸಾಕಿದ ಪ್ರಾಣಿಯನ್ನು ಹಾಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ, ಅದು ಒಂದು ಕಡೆ ಇರಲಿ. ಅವ್ವನಿಗೆ ಇದನ್ನು ಹೇಳಿ ನೋಡಿ: ಟೈಗರ್ ಹೋದರೂ ಗೋಡೆಯ ಉಣ್ಣಿ ಹೋಗುವುದಿಲ್ಲ. ನಾಯಿಯ ರಕ್ತ ಸಿಗದೆ ಹಸಿದ ಉಣ್ಣಿ ಆ ಖೋಲಿಯಲ್ಲಿ ಮಲಗುವವರನ್ನು ಹುಡುಕಿಕೊಂಡು ಇಳಿಯುತ್ತದೆ. ನಾಯಿ ಕೊಟ್ಟುಬಿಟ್ಟ ಮೇಲೆ ಮಕ್ಕಳ ಕಿವಿಯಲ್ಲಿ ಉಣ್ಣಿ ಸಿಕ್ಕಿತೆಂದು ಗಾಬರಿಯಾಗಿ ಬಂದ ಮನೆಗಳನ್ನು ನಾನು ಕಂಡಿದ್ದೇನೆ. ಗುಳಿಗೆ ತಿಂದ ಟೈಗರ್ ಮನೆಯಲ್ಲಿದ್ದರೆ ಆ ಉಣ್ಣಿಗಳು ಮೊದಲು ಹೋಗುವುದು ಅವನ ಮೈಗೆ, ಅಲ್ಲೇ ಸಾಯುತ್ತವೆ.

ಉಳೀತೈತೇನು ಎಂದು ಕೇಳಿದ್ದೀರಿ. ವಸಡು ಗುಲಾಬಿ ಇದ್ದು, ಇನ್ನೂ ನೀರು ಕುಡಿಯುತ್ತಿದ್ದರೆ ಉಳಿಯುವ ಸಾಧ್ಯತೆಯೇ ಹೆಚ್ಚು. ರಕ್ತ ಬಹಳ ಕಡಿಮೆಯಾಗಿದ್ದರೆ ಡಾಕ್ಟರ್ ಇನ್ನೊಂದು ನಾಯಿಯ ರಕ್ತ ಕೊಡಬೇಕು ಅನ್ನಬಹುದು. ಓಣಿಯಲ್ಲಿ 25 ಕೆ.ಜಿ.ಗಿಂತ ಹೆಚ್ಚು ತೂಗುವ, ಲಸಿಕೆ ಹಾಕಿಸಿದ, ಉಣ್ಣಿ ಇಲ್ಲದ ಗಟ್ಟಿ ನಾಯಿ ಯಾರ ಮನೆಯಲ್ಲಿದೆ ಎಂದು ಈಗಲೇ ವಿಚಾರಿಸಿ ಇಟ್ಟುಕೊಳ್ಳಿ. ಗುಳಿಗೆ ಶುರುವಾದ ದಿನದ ಮೇಲೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, 28 ಮನೆ ಎಣಿಸಿ ಇನ್ನೊಂದು ಗುರುತು ಹಾಕಿ, ದಿನಾ ಗುಳಿಗೆ ಕೊಟ್ಟು ಗೀಟು ಎಳೆಯುವ ಕೆಲಸ ಮಕ್ಕಳಿಗೆ ವಹಿಸಿ. ಒಂದು ವಾರಕ್ಕೆ ಒಮ್ಮೆ, ಕೋರ್ಸ್ ಮುಗಿದಾಗ ಒಮ್ಮೆ, ಅದಾಗಿ ಒಂದು ತಿಂಗಳಿಗೆ ಇನ್ನೊಮ್ಮೆ ಪ್ಲೇಟ್‌ಲೆಟ್ ಎಣಿಸಿ ನೋಡಬೇಕು. ನಾಯಿಯಲ್ಲಿ ಎರಡು ಲಕ್ಷದ ಮೇಲಿದ್ದರೆ ಸರಿ. ಮೂರೂ ಚೀಟಿ ಜೋಪಾನವಾಗಿಡಿ.